ಮುಖಬಿಸಿಲಿನ ಸಾಲು

ಆ ಬೆಳಗ್ಗೆ ಗೋಪಾಲಸ್ವಾಮಿ ಬೆಟ್ಟ ತಲೆಗೆ ಮೋಡ ಸುತ್ತಿಕೊಂಡು ಕೂತಿತ್ತು. ಊಟಿ ರಸ್ತೆಯ ಆಚೀಚೆ ಚೆಂಡುಹೂವಿನ ಹೊಲಗಳ ಮೇಲೆ ಸೋನೆಯೂ ಅಲ್ಲದ ಮಂಜೂ ಅಲ್ಲದ ಒಂದು ತೇವ ತೂಗುತ್ತಿತ್ತು. ಸೂರ್ಯನ ಸುಳಿವೇ ಇರಲಿಲ್ಲ. ಆದರೂ ಪುಟ್ಟಸಿದ್ದಮ್ಮನ ಮುಖ ಉರಿಯುತ್ತಿತ್ತು.

ದೇವರ ಗೂಡಿನ ಮುಂದೆ ವಿಭೂತಿ ಇಟ್ಟುಕೊಳ್ಳಲು ಎತ್ತಿದ ಬೆರಳು ಹಣೆಯ ಹತ್ತಿರ ಹೋಗಿ ನಿಂತಿತು. ಕೆನ್ನೆ, ಮೂಗು, ಹಣೆಯ ಮೇಲೆಲ್ಲ ಕೆಂಪು ಗಂಧೆ ಎದ್ದಿತ್ತು. "ಮಾದಪ್ಪ, ಔಸ್ದಿ ಹಚ್ಚಿದ್ರೂವೆ ಇಂಗಾದ್ರೆ ನಾ ಎತ್ಲಾಗೋಗ್ಲಪ್ಪ?" ಎಂದಳು. ಬೇಡಿಕೆಯಲ್ಲ ಅದು, ಮನೆಯ ಹಿರಿಯರ ಹತ್ತಿರ ಕೇಳುವಂಥ ಮಾತು.

ಎರಡು ತಿಂಗಳ ಹಿಂದೆ ಚಾಮರಾಜನಗರದ ಚರ್ಮದ ಡಾಕ್ಟರಮ್ಮ ಹೇಳಿದ್ದರು: "ನಿಮ್ಮ ಚರ್ಮಕ್ಕೆ ಬಿಸಿಲು ಒಗ್ಗಲ್ಲ. ಈ ಸನ್‌ಸ್ಕ್ರೀನ್ ಹಚ್ಚಿ. ಇದಕ್ಕೂ ತಡೆಯದಿದ್ದರೆ ಹೊಲದ ಕೆಲಸ ಬಿಡಬೇಕಾಗುತ್ತೆ." ಉಡಿಗಾಲದ ತವರಿನಿಂದ ಮದುವೆಯಾಗಿ ಬಂದ ಮೇಲೆ ಪುಟ್ಟಸಿದ್ದಮ್ಮ ಕಲಿತದ್ದು ಹೂ ಬಿಡಿಸುವ ಕೆಲಸವೊಂದೇ. ಅದನ್ನು ಬಿಟ್ಟರೆ ಬೆಳಗಾದ ಮೇಲೆ ಎಲ್ಲಿಗೆ ಹೋಗುವುದೆಂಬುದೇ ಅವಳಿಗೆ ತಿಳಿಯದು.

ಅಲ್ಲಿ ಹೂ ಬಿಡಿಸುವುದು ಜೋಡಿಯಲ್ಲಿ. ಸಾಲಿನ ಆ ಪಕ್ಕ ಒಬ್ಬಳು, ಈ ಪಕ್ಕ ಒಬ್ಬಳು. ಒಬ್ಬಳ ಮುಖಕ್ಕೆ ಬೆಳಗಿನ ಬಿಸಿಲು, ಇನ್ನೊಬ್ಬಳ ಬೆನ್ನಿಗೆ. ಇವತ್ತು ಮುಖಬಿಸಿಲಿಗೆ ನಿಂತವಳು ನಾಳೆ ಬೆನ್ನುಬಿಸಿಲಿಗೆ. ಪುಟ್ಟಸಿದ್ದಮ್ಮನ ಜೋಡಿ ಸುಧಾಮಣಿ. ಇಪ್ಪತ್ತು ವರ್ಷದ ಜೋಡಿ. ಸುಧಾಮಣಿ ಮಗಳು ಮಾನಸಳನ್ನು ಹೊಟ್ಟೆಯಲ್ಲಿ ಹೊತ್ತಿದ್ದಾಗ ಪುಟ್ಟಸಿದ್ದಮ್ಮ ಅವಳನ್ನು ಒಂದು ದಿನವೂ ಮುಖಬಿಸಿಲಿಗೆ ಬಿಟ್ಟಿರಲಿಲ್ಲ. "ಬಸುರಿ ತಲೆ ತಿರುಗಿ ಬಿದ್ರೆ ಹೂವ ಎತ್ನೋ, ನಿನ್ನ ಎತ್ನೋ? ಓಗು ಆ ಕಡೆಗೆ" ಎಂದು ಗದರಿ ತಾನೇ ನಿಂತಿದ್ದಳು. ಆಮೇಲೆ ಅದನ್ನು ಇಬ್ಬರೂ ಎತ್ತಿ ಆಡಿದ್ದಿಲ್ಲ.

ಈಗ ಔಷಧಿ ಬಂದಾಗ ಸುಧಾಮಣಿಯೇ, "ನಾನೇ ಮುಖಬಿಸ್ಲಿಗೆ ನಿಂತ್ಕತೀನಿ ಬುಡಕ್ಕ" ಎಂದಿದ್ದಳು. "ಬ್ಯಾಡ ಕಣಮ್ಮಿ, ಔಸ್ದಿ ಅದೆಯಲ್ಲ. ಸರದಿ ಸರದಿನೇ" ಎಂದು ಪುಟ್ಟಸಿದ್ದಮ್ಮ ಒಪ್ಪಿರಲಿಲ್ಲ. ಇಬ್ಬರ ಬುತ್ತಿಯೂ ಸುಧಾಮಣಿಯ ಚೀಲದಲ್ಲೇ ಹುಣಸೆಮರಕ್ಕೆ ತೂಗುತ್ತಿದ್ದುದು. ಔಷಧಿಯ ಬಾಟಲೂ ಅದರಲ್ಲೇ ಇತ್ತು.

ಮೊದಲ ತಿಂಗಳು ಮುಖ ತಣ್ಣಗಿತ್ತು. ಆಮೇಲೊಂದು ದಿನ ಅಂಗೈಗೆ ಸುರಿದುಕೊಂಡರೆ ಗಮ್ಮೆಂದಿತು. "ಇದೇನಮ್ಮಿ, ಮಲ್ಗೆ ವಾಸ್ನೆ?" ಎಂದಿದ್ದಕ್ಕೆ ಸುಧಾಮಣಿ ಹೂವಿನಿಂದ ಕಣ್ಣೆತ್ತದೆ, "ಸೆಕೆಗೆ ಅಂಗಾಯ್ತದೆ ಕಣಕ್ಕ, ಹಚ್ಕೊ" ಎಂದಿದ್ದಳು. ಇವಳು ಹಚ್ಚಿಕೊಂಡಳು. ಅವಳ ಮಾತಿನ ಮೇಲೆ ಇನ್ನೊಂದು ಮಾತು ಕೇಳುವ ಅಭ್ಯಾಸ ಇವಳಿಗಿರಲಿಲ್ಲ.

ಮುಖ ಉರಿದ ಆ ಬೆಳಗ್ಗೆ ಪುಟ್ಟಸಿದ್ದಮ್ಮ ತೆರಕಣಾಂಬಿ ಮೇಲೆ ಹೋಗುವ ಬಸ್ಸು ಹತ್ತಿ ಚಾಮರಾಜನಗರ ಸೇರುವಾಗ ಹನ್ನೊಂದು. ಡಾಕ್ಟರಮ್ಮ ಮುಖ ನೋಡಿ, ಅವಳು ಹಿಂದಿನ ಸಂಜೆ ಸುಧಾಮಣಿಯ ಚೀಲದಿಂದ ತೆಗೆದಿಟ್ಟುಕೊಂಡಿದ್ದ ಬಾಟಲು ಕೇಳಿ ಇಸಿದುಕೊಂಡು ಒಂದು ತೊಟ್ಟು ಕೈಮೇಲೆ ಹಿಂಡಿ ಮೂಸಿದರು.

"ಅಮ್ಮ, ಇದು ನಾನು ಕೊಟ್ಟಿದ್ದಲ್ಲ. ಅದಕ್ಕೆ ವಾಸನೆಯೇ ಇಲ್ಲ. ಇದು ಯಾವುದೋ ಸಂತೆ ಕ್ರೀಮು."

"ಬಾಟ್ಲು ಅದೇಯ ಕಣವ್ವ."

"ಬಾಟಲು ಅದೇ. ಒಳಗಿನದನ್ನ ಯಾರೋ ಬದಲಾಯಿಸಿದ್ದಾರೆ. ಯಾರ ಕೈಲಿರುತ್ತೆ ಇದು?"

ಗೋಡೆಯ ಮೇಲಿನ ಫ್ಯಾನು ಆ ಕಡೆಗೆ ತಿರುಗಿ ಈ ಕಡೆಗೆ ಬಂತು.

"ಬೆಳ್ಳಗಾಗ್ತೀವಿ ಅಂತ ತುಂಬಾ ಜನ ಇದನ್ನ ಕೇಳ್ತಾರೆ" ಎಂದರು ಡಾಕ್ಟರಮ್ಮ, ಹೊಸ ಚೀಟಿ ಬರೆಯುತ್ತ. "ಬೆಳ್ಳಗೆ ಮಾಡೋದಲ್ಲಮ್ಮ ಇದು, ಛತ್ರಿ ಇದ್ದ ಹಾಗೆ. ವಿಭೂತಿ ಥರ ಗೀರಿಕೊಂಡರೆ ಸಾಲದು. ಎರಡು ಬೆರಳುದ್ದ ಹಾಕಿಕೊಂಡು ಮುಖ, ಕತ್ತು, ಕಿವಿಗೆಲ್ಲ ಹಚ್ಚಿ, ಹೊರಡೋ ಅರ್ಧ ಗಂಟೆ ಮುಂಚೆ. ಸೆರಗಲ್ಲಿ ಬೆವರು ಒರೆಸಿದರೆ ಅದೂ ಹೋಗುತ್ತೆ, ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಬೇಕು. ಮೋಡ ಇದ್ದರೂ ಬಿಡಬೇಡಿ, ಬಿಸಿಲು ಮೋಡದೊಳಗಿಂದಲೂ ಇಳಿಯುತ್ತೆ. ಮೇಲೊಂದು ಬಟ್ಟೆ ಕಟ್ಟಿಕೊಳ್ಳಿ. ಇನ್ನೊಂದು ತಿಂಗಳು ನೋಡೋಣ."

ಇನ್ನೊಂದು ತಿಂಗಳು. ಬಸ್ಸಿನುದ್ದಕ್ಕೂ ಅವಳಿಗೆ ಕೆಲಸ ಉಳಿದ ಸಮಾಧಾನ ಬರಲೇ ಇಲ್ಲ. ಕಳೆದ ತಿಂಗಳ ಒಂದೊಂದು ಬೆಳಗೂ ಎದುರು ಬಂದು ನಿಲ್ಲುತ್ತಿತ್ತು. ಪ್ರತಿಯೊಂದರಲ್ಲೂ ಸಾಲಿನ ಆಚೆ ಸುಧಾಮಣಿ ಇದ್ದಳು.

ಸಂಜೆ ಊರ ಬಸ್‌ಸ್ಟಾಪಿನಲ್ಲೂ ಅವಳೇ ಕಾಯುತ್ತಿದ್ದಳು. "ಏನಂದ್ರಕ್ಕ ಡಾಕ್ಟ್ರು?"

"ಔಸ್ದಿ ಬದ್ಲಾಗದೆ ಅಂದ್ರು."

ಸುಧಾಮಣಿ ಚೀಲದ ದಾರ ಬೆರಳಿಗೆ ಸುತ್ತಿದಳು, ಬಿಚ್ಚಿದಳು, ಮತ್ತೆ ಸುತ್ತಿದಳು. "ಮಾನಸನ್ನ ನೋಡಕ್ಕೆ ಕುದೇರಿನೋರು ಬತ್ತರೆ ಅಂದಿದ್ರಲ್ಲ. ಹುಡ್ಗಿ ಕಪ್ಪು ಅಂತ ಮೊದ್ಲೇ ಒಂದು ಸಂಬಂಧ ಮುರೀತು. ನಿನ್ನ ಮೊಖ ತಿಳಿಯಾಗಿದ್ದ ನೋಡ್ಬುಟ್ಟು... ದಿನಾ ಮನಗೋವಾಗ ಹಚ್ತಿದ್ದೆ ಅವಳ್ಗೆ. ಕೇಳಿದ್ರೆ ನೀ ಕೊಡ್ತಿದ್ದೆ, ಗೊತ್ತು. ಕೇಳಕ್ಕೆ ನಾಚ್ಕೆ ಆಯ್ತಕ್ಕ."

"ಮನಗೋವಾಗ?" ಪುಟ್ಟಸಿದ್ದಮ್ಮ ಅವಳನ್ನೇ ನೋಡಿದಳು. "ಛತ್ರಿ ಕಣಮ್ಮಿ ಅದು. ರಾತ್ರಿ ಛತ್ರಿ ಹಿಡ್ದು ಮನಗಿಸ್ದೆಯಾ ಮಗ್ಳ?"

ನಗು ಬರಬೇಕಾದ ಮಾತು. ಇಬ್ಬರಿಗೂ ಬರಲಿಲ್ಲ.

"ತಕ್ಕಂಡಿದ್ದು ಓಗ್ಲಿ ಬುಡು. ಸರದಿ ಬಂದಾಗೆಲ್ಲ ನಾನು ಮುಖಬಿಸ್ಲಿಗೆ ನಿಂತಿದ್ನಲ್ಲ, ಬಾಟ್ಲಲ್ಲಿ ಔಸ್ದಿ ಇಲ್ಲ ಅಂತ ನಿಂಗೊಬ್ಬಳ್ಗೇ ಗೊತ್ತಿತ್ತು. ಎದ್ರುಗೇ ಇದ್ಯಲ್ಲಮ್ಮಿ, ನನ್ನ ಮೊಖ ಬೇಯೋದ ನೋಡ್ಕಂಡು ಹೂವ ಬುಡಿಸ್ದೆಯಲ್ಲ."

ಸುಧಾಮಣಿ ಬಾಯಿ ತೆರೆದಳು. ಗುಂಡ್ಲುಪೇಟೆ ಕಡೆಗೆ ಹೋಗುವ ಕೇರಳದ ಕಾರೊಂದು ಹಾರನ್ನು ಬಾರಿಸಿಕೊಂಡು ಹೋಯಿತು. ಧೂಳು ಇಳಿಯುವಷ್ಟರಲ್ಲಿ ಪುಟ್ಟಸಿದ್ದಮ್ಮ ತನ್ನ ಬೀದಿಗೆ ತಿರುಗಿದ್ದಳು.

ಆ ದಿನ ದೀಪ ಹಚ್ಚಿ ಕೂತವಳಿಗೆ ಪ್ರಾರ್ಥನೆ ಬಾಯಿಗೆ ಬರಲಿಲ್ಲ. ಮಾದಪ್ಪನ ಪಟದ ಮುಂದೆ ಬತ್ತಿ ಸರಿಮಾಡಿ ಎದ್ದಳು.

ಮರುದಿನ ಮೋಡ ಕರಗಿ ಬೆಳಗ್ಗೆ ಏಳಕ್ಕೇ ಬಿಸಿಲು ಚುರುಗುಟ್ಟಿತು. ಪುಟ್ಟಸಿದ್ದಮ್ಮ ಎರಡು ಬೆರಳುದ್ದ ಹಾಕಿಕೊಂಡು ಕತ್ತು ಕಿವಿಯನ್ನೂ ಬಿಡದೆ ಹಚ್ಚಿದಳು, ಮುಖಕ್ಕೆ ಹತ್ತಿಯ ಟವೆಲ್ಲು ಕಟ್ಟಿದಳು. ಹೊಲದಲ್ಲಿ ತನ್ನ ಬುತ್ತಿಯ ಚೀಲವನ್ನು ಹುಣಸೆಮರದ ಬೇರೊಂದು ಕೊಂಬೆಗೆ ಸಿಕ್ಕಿಸಿದಳು. ಅವತ್ತು ಮುಖಬಿಸಿಲಿನ ಸರದಿ ಅವಳದೇ. ಹೆದರಿ ಸರದಿ ಬಿಟ್ಟಳು ಎನ್ನಿಸಿಕೊಳ್ಳಬಾರದೆಂದು ನೇರ ಅತ್ತಲೇ ನಡೆದಳು.

ಅಲ್ಲಿ ಆಗಲೇ ಸುಧಾಮಣಿ ನಿಂತಿದ್ದಳು. ತಲೆಯ ಮೇಲೆ ಸೆರಗೂ ಇರಲಿಲ್ಲ. ಸೂರ್ಯ ನೇರ ಹಣೆಗೆ ಹೊಡೆಯುತ್ತಿದ್ದ. ಅವಳು ಒಂದು ಚಿಕ್ಕ ಸ್ಟೀಲ್ ಡಬ್ಬಿಯನ್ನು ಚಾಚಿದಳು. ಬಾಟಲಿನಿಂದ ಬಗ್ಗಿಸಿಕೊಂಡಿದ್ದರಲ್ಲಿ ಉಳಿದದ್ದು, ತಳದಲ್ಲಿ ಒಂದಿಷ್ಟು, ವಾಸನೆಯಿಲ್ಲದ್ದು. ಪುಟ್ಟಸಿದ್ದಮ್ಮ ಇಸಿದುಕೊಂಡಳು. ಇಬ್ಬರ ಬೆರಳೂ ತಾಗಲಿಲ್ಲ.

"ಮಳೆಗಾಲ ಮುಗಿಯೋಗಂಟ ಈ ಕಡೆ ನನ್ದೇಯ" ಎಂದಳು ಸುಧಾಮಣಿ, ನೆಲಕ್ಕೆ ಹೇಳುವಂತೆ.

ಪುಟ್ಟಸಿದ್ದಮ್ಮ ಸಾಲು ಸುತ್ತಿಕೊಂಡು ಆಚೆ ಹೋಗಿ, ಬಿಸಿಲಿಗೆ ಬೆನ್ನು ಕೊಟ್ಟು ಬಗ್ಗಿದಳು. ಎದುರಿಗೆ ಬೆವರುವ ಮುಖವನ್ನು ತಲೆಯೆತ್ತಿ ನೋಡದೆ ಹೂ ಬಿಡಿಸತೊಡಗಿದಳು.