ನಾಲ್ಕನೇ ಸಾಲಿನ ಕಿವಿ

ಎಂಬತ್ತೆರಡು ವರ್ಷದ ಉಗೊ ತ್ರೆವಿಸಾನಿ ಕಿವಿಯ ಪರೀಕ್ಷೆಯಲ್ಲಿ ಕಾಪಿ ಹೊಡೆಯುತ್ತಿದ್ದಾರೆ ಎಂದು ಪತ್ತೆ ಹಚ್ಚಲು ನಾಬಿಲಾಳಿಗೆ ಐದು ನಿಮಿಷ ಹಿಡಿಯಿತು.

ಮ್ಯಾಂಚೆಸ್ಟರಿನ ಆ ಕ್ಲಿನಿಕ್ಕಿನಲ್ಲಿ ಪದ್ಧತಿ ಸರಳ. ಗಾಜಿನ ಗೂಡಿನೊಳಗೆ ಹೆಡ್‌ಫೋನ್ ಹಾಕಿಕೊಂಡು ಕೂತವರು ‘ಪೀ’ ಎಂಬ ಸದ್ದು ಕೇಳಿದಾಗಲೆಲ್ಲ ಕೈಯಲ್ಲಿರುವ ಗುಂಡಿ ಒತ್ತಬೇಕು. ಸದ್ದು ಕಳಿಸುವುದು ಹೊರಗೆ ಕೂತ ನಾಬಿಲಾಳ ಕೆಲಸ. ಮುದುಕರು ಒಂದೂ ತಪ್ಪದೆ ಒತ್ತುತ್ತಿದ್ದರು. ಆ ವಯಸ್ಸಿಗೆ ಅಷ್ಟು ಚುರುಕು ಕಿವಿ ಬಾವಲಿಗೂ ಇರಲಾರದು. ಅನುಮಾನ ಬಂದು ಅವಳು ಸದ್ದು ಕಳಿಸದೆ, ಕಳಿಸುವಾಗಿನಂತೆ ಸುಮ್ಮನೆ ಭುಜ ಅಲುಗಿಸಿದಳು. ಒತ್ತಿದರು. ಮತ್ತೆ ಅಲುಗಿಸಿದಳು. ಒತ್ತಿದರು. ಮೂಗು ತುರಿಸಿಕೊಂಡಳು. ಅದಕ್ಕೂ ಒತ್ತಿದರು.

ಅವರನ್ನು ಗೋಡೆಯ ಕಡೆ ತಿರುಗಿಸಿ ಕೂರಿಸಿ ಮತ್ತೆ ಶುರು ಮಾಡಿದಳು. ಈ ಸಲ ಗುಂಡಿ ಒತ್ತಿದ್ದು ನಾಲ್ಕೇ ಸಲ.

“ಎಷ್ಟು ದಿನದಿಂದ ಹೀಗಿದೆ, ಸರ್?” ಎದುರಿಗೆ ಕೂತು ತುಟಿ ಕಾಣುವಂತೆ ನಿಧಾನವಾಗಿ ಕೇಳಿದಳು. ಹಾಗೆ ಕೇಳಿದರೆ ಮಾತು ಅವರಿಗೆ ಅರ್ಥವಾಗುತ್ತಿತ್ತು.

“ಮೂರು ವರ್ಷ, ದೊತ್ತೊರೆಸ್ಸಾ,” ಎಂದರು. ಡಾಕ್ಟರಮ್ಮ ಎಂಬುದಕ್ಕೆ ಅವರ ಭಾಷೆಯ ಮರ್ಯಾದೆ ಅದು. “ಯಾರಿಗೂ ಗೊತ್ತಿಲ್ಲ. ಗೊತ್ತಾಗಲೂಬಾರದು.”

ಯಾಕೆ ಎಂಬುದನ್ನು ಮುಂದಿನ ಮೂರು ಭೇಟಿಗಳಲ್ಲಿ ಕಂತು ಕಂತಾಗಿ ಹೇಳಿದರು. ವೆನಿಸ್ಸಿನ ಆಚೆಯ ಒಂದು ಹಳ್ಳಿಯಿಂದ ಹತ್ತೊಂಬತ್ತನೇ ವಯಸ್ಸಿಗೆ ಓಲ್ಡ್‌ಹ್ಯಾಮಿನ ಹತ್ತಿ ಗಿರಣಿಗೆ ಬಂದವರು. ಆರು ವರ್ಷ ಮಗ್ಗಗಳ ಅಬ್ಬರದ ನಡುವೆ ದುಡಿದರು. ಕಿವಿಗೆ ಮೊದಲ ಪೆಟ್ಟು ಬಿದ್ದದ್ದು ಅಲ್ಲೇ. ಗಿರಣಿ ಬಿಟ್ಟು ಬ್ಯಾಂಕಿನ ಗುಮಾಸ್ತರಾದರು, ಮ್ಯಾನೇಜರಾದರು, ನಲವತ್ತು ದಾಟುವ ಹೊತ್ತಿಗೆ ತಮ್ಮದೇ ಪುಟ್ಟ ಬ್ಯಾಂಕು ತೆರೆದರು. ಬೇರೆ ಬ್ಯಾಂಕುಗಳು ಬಾಗಿಲಲ್ಲೇ ನಿಲ್ಲಿಸಿ ಕಳಿಸುತ್ತಿದ್ದ ಐಸ್‌ಕ್ರೀಮ್ ಗಾಡಿಯ ಇಟಾಲಿಯನ್ನರು, ಪಂಜಾಬಿ ಅಂಗಡಿಕಾರರು, ಸಿಲ್ಹೆಟ್ಟಿನ ದರ್ಜಿಗಳು ಎಲ್ಲರಿಗೂ ಅಲ್ಲಿ ಕುರ್ಚಿ ಇತ್ತು. ಉಳಿದ ಬ್ಯಾಂಕಿನವರು ಜಾಮೀನು ಕೇಳುತ್ತಿದ್ದರು, ಇವರು ದನಿ ಕೇಳುತ್ತಿದ್ದರು. ಸುಳ್ಳು ಹೇಳುವವನ ದನಿ ಒಂದೆಳೆ ಮೇಲೇರುತ್ತದಂತೆ. ನಗದು ಕಂಡರೂ ನಗದ ಮನುಷ್ಯ ಎಂದು ಊರಲ್ಲಿ ಹೆಸರಾಗಿದ್ದ ಈ ಬ್ಯಾಂಕರು ನಗುತ್ತಿದ್ದದ್ದು, ಅಳುತ್ತಿದ್ದದ್ದು ಒಪೇರಾದಲ್ಲಿ ಮಾತ್ರ.

ಆಂಕೋಟ್ಸಿನ ಹಳೆಯ ಪ್ರಾರ್ಥನಾ ಮಂದಿರವೊಂದರಲ್ಲಿ ನಡೆಯುವ ಚಿಕ್ಕ ಒಪೇರಾ ಮಂಡಳಿಯನ್ನು ಮೂವತ್ತು ವರ್ಷದಿಂದ ಸಾಕಿಕೊಂಡು ಬಂದವರು ಇವರೇ. ಬದಲಿಗೆ ಬೇಡಿದ್ದು ಒಂದೇ. ಚಳಿಗಾಲದ ಪ್ರದರ್ಶನಕ್ಕೆ ಅಕ್ಟೋಬರಿನಲ್ಲಿ ಹಾಡುಗಾರರನ್ನು ಆರಿಸುವಾಗ ನಾಲ್ಕನೇ ಸಾಲಿನ ನಡುವಿನ ಕುರ್ಚಿ ತಮ್ಮದಾಗಿರಬೇಕು. ಹಳಬರಿರಲಿ ಹೊಸಬರಿರಲಿ, ಪ್ರತಿ ವರ್ಷವೂ ಬಂದು ಹಾಡಲೇಬೇಕು. ತ್ರೆವಿಸಾನಿ ತಲೆಯಾಡಿಸಿದರೆ ಪಾತ್ರ ಸಿಕ್ಕಿತು. ಇಲ್ಲದಿದ್ದರೆ ಇಲ್ಲ.

“ಮೂರು ವರ್ಷ ಅಂದಾಜಿನ ಮೇಲೆ ತಲೆಯಾಡಿಸಿದ್ದೇನೆ,” ಎಂದರು. “ಬಾಯಿ ತೆರೆಯುವುದನ್ನು ನೋಡಿ, ನಿರ್ದೇಶಕನ ಬೆನ್ನು ನೋಡಿ. ಬ್ಯಾಂಕಿನಲ್ಲಿ ಯಾರಾದರೂ ಹೀಗೆ ರುಜು ಹಾಕಿದ್ದರೆ ಅವತ್ತೇ ಮನೆಗೆ ಕಳಿಸುತ್ತಿದ್ದೆ. ಈ ಸಲ ಒಮ್ಮೆ ಸರಿಯಾಗಿ ಮಾಡಿ ಎದ್ದುಬಿಡುತ್ತೇನೆ. ನೀನು ಪಕ್ಕದಲ್ಲಿ ಕೂತುಕೋ. ಹಾಡು ನಿನ್ನ ಎದೆಗೆ ತಾಗಿದರೆ ನನ್ನ ಮಣಿಕಟ್ಟು ಒತ್ತು. ತಾಗದಿದ್ದರೆ ಬೇಡ.”

“ನನಗೆ ಒಪೇರಾ ಗೊತ್ತಿಲ್ಲ, ಸರ್.”

“ಗೊತ್ತಿರುವವರು ನನ್ನ ಮುಖ ನೋಡಿ, ನನಗೆ ಬೇಕಾದಂತೆ ಒತ್ತುತ್ತಾರೆ. ನೀನು ನನ್ನ ಕಳ್ಳತನ ಹಿಡಿದವಳು.”

ಫಾಲೋಫೀಲ್ಡಿನ ಬಾಡಿಗೆ ಮನೆಯಲ್ಲಿ ನಾಬಿಲಾ ಇದನ್ನು ಹೇಳಿದಾಗ ಜೊತೆಗಿದ್ದ ಮೇಧಾ ಸೌಟನ್ನೇ ಮೈಕು ಮಾಡಿಕೊಂಡು ಕುಣಿದಳು. ಮೈಸೂರಿನ ಹುಡುಗಿ, ಇಲ್ಲಿ ಎಂಎಸ್ಸಿ ಓದುತ್ತಿದ್ದಳು, ಯಾರ ದನಿಯನ್ನಾದರೂ ಅಣಕಿಸಬಲ್ಲಳು. “ಓ ದೊತ್ತೊರೆಸ್ಸಾಆಆ! ನನ್ನ ಪಾಸ್ತಾಆಆ ತಣ್ಣಗಾಯ್ತೂಊಊ!”

“ಏ, ಅವ್ರು ಹಂಗ ಮಾತಾಡಂಗಿಲ್ಲ,” ಎಂದಳು ನಾಬಿಲಾ. ಹುಬ್ಬಳ್ಳಿ ಬಿಟ್ಟು ಆರು ವರ್ಷವಾಗಿದ್ದರೂ ಮನೆಯೊಳಗೆ ಅದೇ ಮಾತು. “ಅವ್ರ ಇಂಗ್ಲಿಷು ಪಕ್ಕಾ ಓಲ್ಡ್‌ಹ್ಯಾಮು. ನಮ್ಮ ಬಸ್ ಡ್ರೈವರ್ ಇದ್ದಂಗ.”

“ಸರಿ ಕಣೇ, ಅಣಕ ಬಿಡು. ಪೇಶೆಂಟ್ ಜೊತೆ ಹೊರಗೆ ಹೋಗಿ ಕೈ ಹಿಡ್ಕೊಂಡು ಕೂರೋದು ನಿಮ್ಮ ರೂಲ್ಸಲ್ಲಿ ಇದೆಯಾ?”

“ಇಲ್ಲ.”

“ಮತ್ತೆ?”

ನಾಬಿಲಾ ಮೇಧಾಳ ಕೈಯಿಂದ ಸೌಟು ಕಿತ್ತುಕೊಂಡು ಸಾರು ತಿರುವಿದಳು. ದಿನಕ್ಕೆ ಹದಿನಾಲ್ಕು ಜನರ ಕಿವಿಗಳನ್ನು ಅಳೆಯುತ್ತಿದ್ದ ಅವಳಿಗೆ, ನಿನ್ನ ಕಿವಿ ಬೇಕು ಎಂದು ಇದುವರೆಗೆ ಯಾರೂ ಕೇಳಿರಲಿಲ್ಲ.

ಪ್ರಾರ್ಥನಾ ಮಂದಿರ ಕೊರೆಯುವಷ್ಟು ತಣ್ಣಗಿತ್ತು. ತ್ರೆವಿಸಾನಿ ಟೈ ಕಟ್ಟಿದ್ದರು, ಬೂಟು ಮಿಂಚುತ್ತಿತ್ತು. ಇವಳನ್ನು ‘ಗೆಳೆಯರ ಮಗಳು’ ಎಂದು ಪರಿಚಯಿಸಿದರು. ಮುದುಕರಿಗೆ ಆಸರೆ ಎಂಬಂತೆ ಅವಳು ಅವರ ಮಣಿಕಟ್ಟು ಹಿಡಿದು ಕೂತಳು.

ಮೊದಲು ದಪ್ಪ ದನಿಯ ಹುಡುಗನೊಬ್ಬ ಹಾಡಿದ. ಒಂದು ಅಕ್ಷರವೂ ತಿಳಿಯದಿದ್ದರೂ ಅವಳ ಕತ್ತಿನ ಹಿಂದೆ ಜುಮ್ಮೆಂದಿತು. ಒತ್ತಿದಳು, ಅವರು ತಲೆಯಾಡಿಸಿದರು. ಎರಡನೆಯವಳು ಚೆಂದ ಹಾಡಿದಳಷ್ಟೆ, ಎದೆಗೇನೂ ಆಗಲಿಲ್ಲ. ಒತ್ತಲಿಲ್ಲ. ಆಮೇಲೆ ಬಂದವಳು ಮೊರೀನ್. ಐವತ್ತೆಂಟು ದಾಟಿದವಳು, ಇಪ್ಪತ್ತಾರು ವರ್ಷದಿಂದ ಮಂಡಳಿಯ ಮುಖ್ಯ ಗಾಯಕಿ. ಅವಳು ಬಂದು ನಿಲ್ಲುತ್ತಿದ್ದಂತೆ ತ್ರೆವಿಸಾನಿ ನೆಟ್ಟಗೆ ಕೂತರು. ಮುಖದಲ್ಲಿ ಆಗಲೇ ಸಂತೋಷವಿತ್ತು. ಅವಳ ಬಗ್ಗೆ ಅವರು ಒಂದು ಮಾತೂ ಹೇಳಿರಲಿಲ್ಲ. ಹೇಳುವ ಅಗತ್ಯವಿದೆ ಎಂದು ಅವರಿಗೆ ತೋರಿರಲೇ ಇಲ್ಲ.

ಶುರು ಚೆನ್ನಾಗಿತ್ತು. ನಾಬಿಲಾಳ ಬೆರಳು ಇನ್ನೇನು ಒತ್ತಬೇಕು, ಅಷ್ಟರಲ್ಲಿ ಮೇಲಿನ ಸ್ವರದಲ್ಲಿ ದನಿ ಒಡೆಯಿತು. ಪಿಯಾನೊದವನು ತಲೆ ಎತ್ತದೆ ನುಡಿಸುತ್ತ ಹೋದ. ಮತ್ತೊಮ್ಮೆ ಒಡೆಯಿತು. ತ್ರೆವಿಸಾನಿಯವರ ಮಣಿಕಟ್ಟು ಅವಳ ಬೆರಳುಗಳ ಕೆಳಗೆ ಸಣ್ಣಗೆ ಹೊರಳಿತು, ಮರೆತೆಯಾ ಎಂದು ಕೇಳುವಂತೆ. ಒತ್ತಿಬಿಡೋಣ ಎನಿಸಿತು ಅವಳಿಗೆ. ಒಮ್ಮೆ ಸರಿಯಾಗಿ ಮಾಡಿ ಏಳುತ್ತೇನೆ ಎಂದ ಮನುಷ್ಯನಿಗೆ ಸುಳ್ಳನ್ನು ಹೇಗೆ ಒತ್ತುವುದು? ಬೆರಳು ಸಡಿಲಿಸಿದಳು.

ಅವರು ತಿರುಗಿ ಅವಳ ಮುಖ ನೋಡಿದರು. ಮುಖದ ಮೇಲಿನ ಸಂತೋಷಕ್ಕೆ ಎಲ್ಲಿಗೆ ಹೋಗಬೇಕೋ ತಿಳಿಯಲಿಲ್ಲ. ಆ ನೋಟವನ್ನು, ಅಲುಗದ ಆ ತಲೆಯನ್ನು ವೇದಿಕೆಯ ಮೇಲಿಂದ ಮೊರೀನ್ ಕಂಡಳು. ಹಾಡನ್ನು ನಡುವೆಯೇ ನಿಲ್ಲಿಸಿದಳು, ಕುರ್ಚಿಯ ಮೇಲಿದ್ದ ಕೋಟು ಎತ್ತಿಕೊಂಡಳು, ನಿರ್ದೇಶಕನಿಗೆ ಥ್ಯಾಂಕ್ಸ್ ಹೇಳಿ ಹೊರಟುಹೋದಳು.

“ಮುಗಿಯಿತೇ?” ಎಂದರು ತ್ರೆವಿಸಾನಿ, ತಾವು ಎಷ್ಟು ಗಟ್ಟಿಯಾಗಿ ಕೇಳುತ್ತಿದ್ದೇವೆಂಬ ಅರಿವಿಲ್ಲದೆ.

ಮಾರನೆಯ ದಿನ ಮಧ್ಯಾಹ್ನ ಇಬ್ಬರೂ ಟ್ಯಾಕ್ಸಿಯಲ್ಲಿ ಸ್ಟಾಕ್‌ಪೋರ್ಟಿನ ಮೊರೀನ್ ಮನೆಗೆ ಹೋದರು. “ನಿಜ ಹೇಳಿಬಿಡುತ್ತೇನೆ,” ಎಂದರು ದಾರಿಯಲ್ಲಿ. “ಕುರ್ಚಿ ಹೋದರೆ ಹೋಗಲಿ. ತನ್ನ ದನಿಯನ್ನು ನಾನು ಬೇಡವೆಂದೆ ಅಂದುಕೊಂಡು ಅವಳು ಬದುಕಬಾರದು.”

“ನಿನ್ನೆ ಅವರ ದನಿ...” ಎಂದು ನಾಬಿಲಾ ಶುರು ಮಾಡಿದಳು. ಅವರು ಕಿಟಕಿಯ ಕಡೆ ತಿರುಗಿಕೊಂಡಿದ್ದರು. ಕೇಳಿಸಲಿಲ್ಲ.

ಮೊರೀನ್ ಇಬ್ಬರನ್ನೂ ಅಡುಗೆಮನೆಯಲ್ಲಿ ಕೂರಿಸಿದಳು. ಕಣ್ಣು ಊದಿದ್ದರೂ ಉಪಚಾರಕ್ಕೆ ಕಡಿಮೆಯಿಲ್ಲ, ಗುರುತಿಲ್ಲದ ನಾಬಿಲಾಳಿಗೂ ಆ ಕಡೆಯವರ ವಾಡಿಕೆಯ ‘ಲವ್’. “ಕೂತ್ಕೋ ಲವ್. ಸಕ್ಕರೆ ಹಾಕ್ಲಾ? ನೀನು ಉಗೊ, ಕೋಟು ತೆಗಿ. ತೆಗೀದೆ ಕೂತ್ರೆ ಹೊರಗೆ ಹೋದಾಗ ಚಳಿ ಹಿಡಿಯುತ್ತೆ.”

ಅವರು ಕೋಟು ತೆಗೆಯಲಿಲ್ಲ. “ನಿನ್ನೆಯದು ನಿನ್ನ ತಪ್ಪಲ್ಲ, ಮೊರೀನ್. ನನಗೆ ಕಿವಿ ಕೇಳುವುದಿಲ್ಲ. ನೀನು ಹಾಡಿದ್ದು ನನಗೆ ಕೇಳಿಸಲೇ ಇಲ್ಲ.”

ಮೊರೀನಳ ಮುಖ ಒಂದು ಕ್ಷಣ ಅರಳಿತು. ಎದ್ದು ಬಂದು ಅವರ ಭುಜ ಹಿಡಿದಳು. “ಅಯ್ಯೋ ಹುಚ್ಚಪ್ಪಾ! ಅಷ್ಟೇನಾ? ನಾನು ರಾತ್ರಿಯಿಡೀ... ಯಾವಾಗಿಂದ?”

“ಮೂರು ವರ್ಷ.”

ಅವಳ ಕೈ ಭುಜದ ಮೇಲೇ ಇತ್ತು. ಆಮೇಲೆ ಇರಲಿಲ್ಲ. ಸಿಂಕಿನ ಕಡೆ ತಿರುಗಿ ನಿಂತು, ಕಿಟಕಿಯಾಚೆಗೆ ಮಾತಾಡುವವಳಂತೆ ಹೇಳಿದಳು: “ಹೋದ ವರ್ಷದ ಹಿಂದಿನ ಚಳಿಗಾಲ. ನನ್ನ ಗಂಡ ಡೆರೆಕ್ ತೀರಿಕೊಂಡು ಹನ್ನೆರಡು ದಿನ ಆಗಿತ್ತು. ಇದೇ ಕೊನೆ, ಇನ್ನು ಹಾಡಲ್ಲ ಅಂತ ತೀರ್ಮಾನ ಮಾಡಿಯೇ ವೇದಿಕೆ ಹತ್ತಿದ್ದೆ. ಮುಗಿದ ಮೇಲೆ ನೀನು ಒಳಗೆ ಬಂದು, ನಿನ್ನ ದನಿ ಯಾವತ್ತೂ ಇಷ್ಟು ಚೆನ್ನಾಗಿರಲಿಲ್ಲ ಅಂದೆ. ಅವತ್ತೂ ಕೇಳಿಸಿರಲಿಲ್ವಾ?”

ತ್ರೆವಿಸಾನಿ ನಾಬಿಲಾಳ ಮುಖ ನೋಡಿದರು. “ಏನಂದಳು?”

ನಾಬಿಲಾ ಬೇರೆ ಏನಾದರೂ ಹೇಳಬಹುದಿತ್ತು. ಟೀ ಬೇಕಾ ಅಂದಳು ಎನ್ನಬಹುದಿತ್ತು. ಹಾಗನ್ನದೆ ಅವರ ಎದುರಿಗೆ ಬಾಗಿ, ಕ್ಲಿನಿಕ್ಕಿನಲ್ಲಿ ಮಾಡುವಂತೆಯೇ ಒಂದೊಂದು ಮಾತನ್ನೂ ಬಿಡಿಸಿ, ಗಟ್ಟಿಯಾಗಿ, ಡೆರೆಕ್‌ನ ಸಾವು, ಹನ್ನೆರಡು ದಿನ, ಒಳಗೆ ಬಂದು ಹೇಳಿದ ಮಾತು, ಎಲ್ಲವನ್ನೂ ಇನ್ನೊಮ್ಮೆ ಹೇಳಿದಳು. ಮೊರೀನ್ ಬೆನ್ನು ತಿರುಗಿಸಿಕೊಂಡೇ ಅದನ್ನೆಲ್ಲ ಕೇಳಿಸಿಕೊಂಡಳು.

“ಅವತ್ತು ನನಗೆ ಪಿಯಾನೊ ಕೂಡ ಕೇಳಿಸಿರಲಿಲ್ಲ,” ಎಂದರು ತ್ರೆವಿಸಾನಿ. “ನಿನ್ನ ಮುಖ ನೋಡಿ ಹೇಳಿದೆ.”

ಮೊರೀನ್ ನಲ್ಲಿ ತಿರುಗಿಸಿ ಖಾಲಿ ಕಪ್ಪೊಂದನ್ನು ತೊಳೆದಳು. ಒರೆಸಿಟ್ಟಳು. ಆಮೇಲೆ ತಿರುಗಿ ನಾಬಿಲಾಳನ್ನು ನೋಡಿದಳು.

“ನಿನ್ನೆ ಪಕ್ಕದಲ್ಲಿ ಕೂತಿದ್ದೆಯಲ್ಲ, ಲವ್. ನಿನಗೆ ಕಿವಿ ಕೇಳುತ್ತೆ ತಾನೇ?”

“ಕೇಳುತ್ತೆ.”

“ಎಷ್ಟು ಕಡೆ ಒಡೀತು?”

ನಾಬಿಲಾ ನೆಲ ನೋಡಿದಳು. “ಎರಡು ಕಡೆ.”

“ಮೂರು,” ಎಂದಳು ಮೊರೀನ್.

ತ್ರೆವಿಸಾನಿ ಒಮ್ಮೆ ಇವಳ ತುಟಿ, ಒಮ್ಮೆ ಅವಳ ತುಟಿ ನೋಡುತ್ತಿದ್ದರು. “ಏನಂತೆ?” ಎಂದರು. “ಏನು ಮೂರು?”

ಈ ಸಲ ನಾಬಿಲಾ ಅವರ ಕಡೆ ಬಾಗಲಿಲ್ಲ. ಮೊರೀನ್ ಕೆಟಲಿನ ಸ್ವಿಚ್ಚು ಹಾಕಿದಳು. ನೀರು ಸದ್ದು ಮಾಡತೊಡಗಿತು, ಕೋಣೆಯಲ್ಲಿದ್ದ ಮೂವರಲ್ಲಿ ಇಬ್ಬರಿಗೆ.