ಕೆಂಪು ಮುಖದ ಮನೆತನ

ನಮ್ಮ ಮನೆಯಲ್ಲಿ ಕೆಂಪು ಮುಖವೆಂದರೆ ಆರೋಗ್ಯ. ಅಪ್ಪ ನಲವತ್ತೆರಡಕ್ಕೇ ಕುಸಿದು ಬಿದ್ದು ಸತ್ತಾಗಲೂ ನೋಡಲು ಬಂದವರು "ಮುಖದಲ್ಲಿ ಎಂಥ ಕಳೆ!" ಎಂದಿದ್ದರು. ಆ ಕಳೆ ನನಗೆ ಬರಲಿಲ್ಲ, ತಮ್ಮನಿಗೆ ಬಂತು. ಲಿಫ್ಟ್ ರಿಪೇರಿ ಮಾಡುವ ಅವನನ್ನು ಜೊತೆಯವರು ಟೊಮೆಟೊ ಎಂದೇ ಕರೆಯುತ್ತಿದ್ದರು.

ನಾನು ರಕ್ತನಿಧಿಯಲ್ಲಿ ಟೆಕ್ನಿಷಿಯನ್. ತಮ್ಮ ಮೂರು ತಿಂಗಳಿಗೊಮ್ಮೆ ತಪ್ಪದೆ ಬಂದು ತೋಳು ಚಾಚುತ್ತಿದ್ದ. "ತಗೊಳ್ಳಕ್ಕ, ತಲೆ ಭಾರ ಇಳೀಲಿ" ಎನ್ನುತ್ತಿದ್ದ. ಬೆರಳು ಚುಚ್ಚಿ ಒಂದು ಹನಿಯನ್ನು ನೀಲಿ ದ್ರಾವಣಕ್ಕೆ ಬಿಡುತ್ತಿದ್ದೆ. ಹನಿ ಮುಳುಗಿದರೆ ರಕ್ತ ಸಾಕಷ್ಟಿದೆ ಎಂದರ್ಥ, ತೇಲಿದರೆ ಮನೆಗೆ ಕಳಿಸಬೇಕು. ಅವನದು ಮುಳುಗುತ್ತಿತ್ತು. ಎಷ್ಟು ಹೆಚ್ಚಿದೆ ಎಂದು ಆ ನೀಲಿ ನೀರು ಹೇಳುವುದಿಲ್ಲ. ಹದಿನಾರು ವರ್ಷ ಹೀಗೇ ನಡೆಯಿತು.

ಆಮೇಲೆ ಹಿಮೋಗ್ಲೋಬಿನ್ ಎಷ್ಟಿದೆ ಎಂದು ಅಂಕಿಯಲ್ಲಿ ತೋರಿಸುವ ಯಂತ್ರ ಬಂತು. ತಮ್ಮನ ಹನಿಗೆ ಅದು ಹತ್ತೊಂಬತ್ತೂವರೆ ತೋರಿಸಿತು. ಅಂಕಿ ಹದಿನೆಂಟು ದಾಟಿದವರಿಂದ ರಕ್ತ ತೆಗೆಯಬಾರದು, ಚೀಟಿ ಬರೆದು ಡಾಕ್ಟರ ಬಳಿಗೆ ಕಳಿಸಬೇಕು; ನಿಯಮ ಗೋಡೆಯ ಮೇಲೇ ಇತ್ತು. ಅರ್ಧ ಪಾಲಿಸಿದೆ. ಚೀಟಿ ಬರೆಯಲಿಲ್ಲ. ದಿನವಿಡೀ ರಕ್ತ ಸಾಲದವರನ್ನೇ ಕಂಡವಳಿಗೆ, ರಕ್ತ ಹೆಚ್ಚಾಗುವುದೂ ಒಂದು ಕಾಯಿಲೆಯೆಂದು ಹೊಳೆಯಲಿಲ್ಲ. ಹೊಳೆಯಲಿಲ್ಲ ಎನ್ನುವುದೂ ಪೂರ್ತಿ ನಿಜವಲ್ಲ. ನಾನು ಹೆಮ್ಮೆಪಟ್ಟೆ, ದಡ್ಡಿ.

"ಹೋಗೋ, ಒಳ್ಳೇ ಗೂಳಿ ಇದ್ದ ಹಾಗಿದೀಯ."

"ಹಾಗಾದ್ರೆ ತಲೆ ಭಾರ?"

"ನೀರು ಕುಡಿ."

ಮತ್ತೆರಡು ಸಲ ಬಂದ. ಎರಡು ಸಲವೂ ವಾಪಸ್ ಕಳಿಸಿದೆ. ಮೊದಲ ಸಲ ವಾಪಸ್ ಕಳಿಸಿದ ಎಂಟನೆಯ ತಿಂಗಳು, ಲಿಫ್ಟಿನ ಯಂತ್ರದ ಕೋಣೆಯಲ್ಲಿ ಸ್ಪ್ಯಾನರ್ ಹಿಡಿದುಕೊಂಡೇ ಬಿದ್ದ. ಹೆಚ್ಚಿದ ರಕ್ತ ಮಂದವಾಗಿ ಮೆದುಳಿನಲ್ಲಿ ಹೆಪ್ಪುಗಟ್ಟಿತ್ತು. ಬಲಗೈ ಹೋಯಿತು, ಮಾತು ಹೋಯಿತು. ಕಿವಿ, ಬುದ್ಧಿ ಎರಡೂ ನೆಟ್ಟಗಿವೆ.

ಜೀನ್ ಪರೀಕ್ಷೆಯ ವರದಿ ಬಂದ ದಿನ ಡಾಕ್ಟರು ಬಿಡಿಸಿ ಹೇಳಿದರು. ದೇಹಕ್ಕೆ ಆಮ್ಲಜನಕ ಸಾಲದಿದ್ದರೆ ಇನ್ನಷ್ಟು ರಕ್ತ ಮಾಡು ಎಂಬ ಆದೇಶ ಹೊರಡುತ್ತದೆ. ಸಾಕಾದಾಗ ಅದನ್ನು ತಡೆಯುವ ಜೀನ್ ಒಂದಿದೆ. ತಮ್ಮನಲ್ಲಿ ಅದು ಕೆಟ್ಟಿದೆ. ಎದೆ ತುಂಬ ಉಸಿರಿದ್ದರೂ ಅವನ ಜೀವಕೋಶಗಳಿಗೆ ಉಸಿರು ಕಟ್ಟಿದ ಭ್ರಮೆ. ಅವನ ಹತ್ತೊಂಬತ್ತು ವರ್ಷದ ಮಗಳಿಗೂ ಅದೇ ಬಂದಿದೆ.

"ಈಗಿಂದ್ಲೇ ಆಗಾಗ ರಕ್ತ ತೆಗೀತಾ ಇದ್ರೆ ಇವಳಿಗೆ ಅಪ್ಪನ ಗತಿ ಬರೋದಿಲ್ಲ" ಎಂದರು ಡಾಕ್ಟರು. ಹದಿನಾರು ವರ್ಷ ತಮ್ಮ ಗೊತ್ತಿಲ್ಲದೆ ಮಾಡಿಕೊಂಡು ಬಂದಿದ್ದೂ ಅದನ್ನೇ.

ತಮ್ಮನ ಹೆಂಡತಿ ಸುತರಾಂ ಒಪ್ಪಲಿಲ್ಲ. ಆಸ್ಪತ್ರೆಯಿಂದ ಅವರ ಮನೆಗೆ ಬಂದ ಮೇಲೆ, ಗಂಡನ ಬಾಯಿ ಒರೆಸುತ್ತಲೇ ನನ್ನ ಮೇಲೆ ಹರಿಹಾಯ್ದಳು.

"ಕೊಟ್ಟು ಕೊಟ್ಟೇ ಇವರು ಹೀಗಾದ್ರು, ಅತ್ತಿಗೆ. ಈಗ ಮಗಳನ್ನೂ ಬಸೀಬೇಕಾ? ನಾನು ಸತ್ತ ಮೇಲೆ ತೆಗೀರಿ!"

ಹುಡುಗಿ ಸ್ಟೂಲಿನ ಮೇಲೆ ಕೂತು ಹಣೆ ಒತ್ತಿಕೊಳ್ಳುತ್ತಿದ್ದಳು. ಬಾಯಿ ಮುಚ್ಚಿಕೊಂಡಿದ್ದರೆ ನನ್ನ ಮಾನ ಉಳಿಯುತ್ತಿತ್ತು, ಅವಳು ಉಳಿಯುತ್ತಿರಲಿಲ್ಲ. ನನಗೆ ಹೆದರಿಕೆಯಾಯಿತು. ನಾಚಿಕೆ ಅದಕ್ಕಿಂತ ಹೆಚ್ಚಾಯಿತು.

"ಕೊಟ್ಟಿದ್ದಕ್ಕಲ್ಲ ಕಣೇ. ಹತ್ತಿರ ಹತ್ತಿರ ಒಂದು ವರ್ಷದಿಂದ ಅವನು ಕೊಟ್ಟೇ ಇರಲಿಲ್ಲ. ಮೂರು ಸಲ ಬಂದಿದ್ದ, ನಾನೇ ತೆಗೀಲಿಲ್ಲ. ಡಾಕ್ಟರಿಗೆ ತೋರಿಸು ಅಂತ ಚೀಟಿ ಬರೀಬೇಕಿತ್ತು. ಅದನ್ನೂ ಬರೀಲಿಲ್ಲ."

ಒರೆಸುತ್ತಿದ್ದ ಕೈ ನಿಂತಿತು.

"ಮೂರು ಸಲಾನಾ?"

"ಮೂರು ಸಲ."

ಬೈಯುತ್ತಾಳೆ, ಇಲ್ಲವೇ ಹೊಡೆಯುತ್ತಾಳೆ ಎಂದುಕೊಂಡೆ, ಎರಡನ್ನೂ ತಡೆದುಕೊಳ್ಳಬಹುದಿತ್ತು. ಅವಳು ಮಗಳ ಚಪ್ಪಲಿ ಹುಡುಕಿ ಮುಂದಿಟ್ಟಳು.

"ಏಳು, ಆಸ್ಪತ್ರೆಗೆ ಹೋಗೋಣ."

ನಾನೂ ಎದ್ದೆ.

"ನೀವು ಬೇಡ. ರಕ್ತ ತೆಗೆಯೋಕೆ ಬೇರೆಯವರಿದ್ದಾರೆ. ನನ್ನ ಮಗಳನ್ನ ನೀವು ಮುಟ್ಟಬೇಡಿ" ಎಂದು ಒದ್ದೆ ಬಟ್ಟೆಯನ್ನು ನನ್ನ ಕೈಗೆ ತುರುಕಿದಳು. "ಇವರನ್ನ ನೋಡ್ಕೊಳ್ಳಿ."

ಇಬ್ಬರೂ ಮೆಟ್ಟಿಲಿಳಿದು ಹೋದರು. ತಮ್ಮ ಎಲ್ಲವನ್ನೂ ಕೇಳಿಸಿಕೊಂಡಿದ್ದ. ಬಾಯಿ ಒರೆಸಲು ಬಗ್ಗಿದೆ. ಅವನು ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡ.