ನಾನೂರ ಹದಿನೈದು ಏಟು

ಟಾಲಿವರ್ ಊರಿನಲ್ಲಿ ಶನಿವಾರ ಮಧ್ಯಾಹ್ನ ಗಂಟೆ ಹೊಡೆದರೆ ಕೈಯಲ್ಲಿದ್ದ ಕೆಲಸ ಕೈಯಲ್ಲೇ ನಿಲ್ಲುತ್ತಿತ್ತು. ಕ್ಷೌರದ ಎಲ್ರಾಯ್ ಅರ್ಧ ಗಡ್ಡ ಹೆರೆದ ಗಿರಾಕಿಯನ್ನು ಕುರ್ಚಿಯಲ್ಲೇ ಬಿಟ್ಟು ಬೀದಿಗೆ ಬರುತ್ತಿದ್ದ. ಗಿರಾಕಿಯೂ ನೊರೆ ಮುಖದಲ್ಲೇ ಹಿಂದೆ ಓಡಿ ಬರುತ್ತಿದ್ದ. ಗಂಟೆ ಅಂದರೆ ವಿಶ್ವವಿದ್ಯಾಲಯದ ಹುಡುಗರು ಫುಟ್‌ಬಾಲ್ ಗೆದ್ದರು ಅಂತ. ಕಾಲಿಗಿಂತ ಕೈಯಲ್ಲೇ ಹೆಚ್ಚು ಆಡುವ, ಒಬ್ಬರ ಮೇಲೊಬ್ಬರು ಬೀಳುವ ಅವರ ಕಡೆಯ ಫುಟ್‌ಬಾಲ್.

ಗಂಟೆ ಇದ್ದದ್ದು ಲೈಬ್ರರಿಯ ಗೋಪುರದಲ್ಲಿ. ಹಗ್ಗ ಮಾತ್ರ ಕೆಳಗೆ, ಬಾಗಿಲ ಒಳಗಿನ ಮೂಲೆಯಲ್ಲಿ, ವರ್ಲೀನ್ ಟಬ್ಸ್‌ಳ ಪೊರಕೆಯ ಪಕ್ಕ ಇಳಿಬಿದ್ದಿತ್ತು. ವರ್ಲೀನ್‌ಗೆ ಅರವತ್ತೇಳು. ಲೈಬ್ರರಿ ಗುಡಿಸಿ ಒರೆಸುವ ಕೆಲಸಕ್ಕೆ ಸೇರಿ ಮೂವತ್ತೆಂಟು ವರ್ಷ. ಅವಳಿಗಿಂತ ಮುಂಚೆ ಅವಳ ಅಪ್ಪ ಏಮೋಸ್ ಇದೇ ಕಟ್ಟಡ ಗುಡಿಸಿದ್ದ, ಇದೇ ಹಗ್ಗ ಎಳೆದಿದ್ದ. ಹಗ್ಗದ ಪಕ್ಕ ಗೋಡೆಗೆ ಒಂದು ಹಳೇ ಹಲಗೆ ಹೊಡೆದಿತ್ತು. ಅದರಲ್ಲಿದ್ದದ್ದು ಊರಿಗೆಲ್ಲ ಬಾಯಿಪಾಠ, ಹಾಗಾಗಿ ಯಾರೂ ಓದುತ್ತಿರಲಿಲ್ಲ. ಗೆದ್ದ ಅಂಕ ಒಂದಕ್ಕೆ ಏಟು ಒಂದು. ಗಂಟೆ ನಿಲ್ಲುವವರೆಗೆ ವಿಶ್ವವಿದ್ಯಾಲಯದ ಅಧ್ಯಕ್ಷರು ಲೈಬ್ರರಿ ಮೆಟ್ಟಿಲ ಮೇಲೆ ಟೋಪಿ ತೆಗೆದು ನಿಂತಿರಬೇಕು.

ಹಲಗೆಯಲ್ಲಿಲ್ಲದ ಇನ್ನೊಂದು ಪದ್ಧತಿಯೂ ಇತ್ತು. ಟಾಲಿವರ್ ತಂಡದ ಲಾಂಛನ ಹೇಸರಗತ್ತೆ. ಆ ವರ್ಷ ಗ್ರೇಡಿ ಎಂಬ ಹುಡುಗ ಹೇಸರಗತ್ತೆಯ ತಲೆ, ಚರ್ಮ, ಬಾಲ ಎಲ್ಲ ತೊಟ್ಟು ಮೈದಾನದಲ್ಲಿ ಕುಣಿಯುತ್ತಿದ್ದ. ಗೆದ್ದರೆ ಅವನು ಅಂಕಕ್ಕೊಂದರಂತೆ ದಂಡ ಹೊಡೆಯಬೇಕು. ಇಪ್ಪತ್ತೊಂದು ಅಂಕಕ್ಕೆ ಇಪ್ಪತ್ತೊಂದು. ಊರಿನ ದಾಖಲೆ ಐವತ್ತೆರಡು. ಆವತ್ತು ಹೇಸರಗತ್ತೆಯ ಚರ್ಮದೊಳಗಿದ್ದವನಿಗೆ ಈಗ ಮೊಮ್ಮಕ್ಕಳಿದ್ದಾರೆ, ಇನ್ನೂ ಭುಜ ನೋಯುತ್ತದೆ ಅನ್ನುತ್ತಾನೆ.

ಹೋದ ವರ್ಷ ತಂಡ ಹನ್ನೊಂದು ಆಟದಲ್ಲಿ ಒಂಬತ್ತು ಸೋತಿತ್ತು. ಹಗ್ಗಕ್ಕೆ ಜೇಡ ಬಲೆ ಕಟ್ಟಿತ್ತು. ಆದರೂ ಮೈದಾನದಲ್ಲಿ ಪ್ರತಿ ಸಲ ಹದಿನೆಂಟು ಸಾವಿರ ಜನ. ಬೇಯಿಸಿದ ಕಡಲೆಕಾಯಿ ತಿನ್ನುತ್ತಾ, ಬೈಯುತ್ತಾ, ಮುಂದಿನ ವಾರವೂ ಬರುತ್ತಿದ್ದರು. ಸೋಲುವವರ ಮೇಲಿನ ಪ್ರೀತಿಯೇ ಗಟ್ಟಿ ಪ್ರೀತಿ.

ಆ ಅಕ್ಟೋಬರಿನಲ್ಲಿ ಲೈಬ್ರರಿ ಬಾಗಿಲಿಗೆ ಒಂದು ಕಾಗದ ಬಂತು. ಡಿಸೆಂಬರ್ ಒಂದರಿಂದ ಲೈಬ್ರರಿ ರಾತ್ರಿ ಒಂಬತ್ತರ ಬದಲು ಸಂಜೆ ಐದಕ್ಕೇ ಮುಚ್ಚುವುದು. ಶನಿವಾರ, ಭಾನುವಾರ ಪೂರಾ ಬೀಗ. ಉಳಿದ ಹಣ ಮೈದಾನದ ಹೊಸ ಸ್ಕೋರ್‌ಬೋರ್ಡಿಗೆ. ವರ್ಲೀನ್‌ಗೆ ಇನ್ನು ಮೈದಾನದಲ್ಲಿ ಕಡಲೆ ಸಿಪ್ಪೆ ಗುಡಿಸುವ ಕೆಲಸ.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗಾಯಿತು. ಸಿಪ್ಪೆ ಗುಡಿಸಲು ವರ್ಲೀನ್‌ಗೆ ಬೇಸರವಿರಲಿಲ್ಲ, ಗುಡಿಸುವುದು ಎಲ್ಲಾದರೂ ಗುಡಿಸುವುದೇ. ಅವಳ ಹೊಟ್ಟೆ ಉರಿದದ್ದು ಸಂಜೆಯ ದೀಪಗಳಿಗಾಗಿ. ಹಗಲು ಕೋಳಿ ಕಾರ್ಖಾನೆಯಲ್ಲಿ ದುಡಿದು, ಆರು ಗಂಟೆಗೆ ಕೈ ತೊಳೆದುಕೊಂಡು ಬಂದು ಓದುವ ಮಕ್ಕಳಿದ್ದರು. ಐದಕ್ಕೆ ಬೀಗ ಬಿದ್ದರೆ ಅವರ ಪಾಲಿಗೆ ಲೈಬ್ರರಿ ಇದ್ದೂ ಇಲ್ಲ. ಒಂಬತ್ತಕ್ಕೆ ದೀಪ ಆರಿಸುವುದು ವರ್ಲೀನ್‌ಳ ಕೆಲಸ. ಆದರೆ ತಲೆ ಬಗ್ಗಿಸಿ ಓದುತ್ತಿರುವವರ ಮೇಲೆ ಅವಳು ಒಂದು ದಿನವೂ ದೀಪ ಆರಿಸಿದವಳಲ್ಲ. "ಇನ್ನೊಂದೇ ಪುಟ, ಮಿಸ್ ವರ್ಲೀನ್" ಅಂದರೆ ಇನ್ನೊಂದು ಸುತ್ತು ಗುಡಿಸಿಕೊಂಡು ಬರುತ್ತಿದ್ದಳು. ಆ ನೆಲ ಅಷ್ಟು ಹೊಳೆಯುತ್ತಿದ್ದದ್ದು ಅದಕ್ಕೇ.

ಅಧ್ಯಕ್ಷ ಲ್ಯಾಥ್ರಪ್ ಒಂದು ಬೆಳಿಗ್ಗೆ ಮೆಟ್ಟಿಲಲ್ಲಿ ಸಿಕ್ಕಾಗ ಅವಳು ಪೊರಕೆ ಅಡ್ಡ ಹಿಡಿದಳು.

"ಸಾರ್, ಸಂಜೆ ಓದೋ ಮಕ್ಕಳು ಎಲ್ಲಿಗೆ ಹೋಗ್ಬೇಕು?"

ಲ್ಯಾಥ್ರಪ್ ಕೆಟ್ಟವರಲ್ಲ. ಮಾತು ಸಿಹಿ, ಟೋಪಿ ದುಬಾರಿ. "ಮಿಸ್ ವರ್ಲೀನ್, ನನಗೂ ಪುಸ್ತಕ ಅಂದ್ರೆ ಪ್ರಾಣ. ಆದ್ರೆ ಜನ ಎಲ್ಲಿ ಸೇರ್ತಾರೋ ದುಡ್ಡು ಅಲ್ಲಿಗೇ ಹೋಗೋದು. ನಾನೇನು ಮಾಡ್ಲಿ?"

"ಇಲ್ಲೂ ಸೇರ್ತಾರೆ ಸಾರ್."

"ಎಷ್ಟು ಜನ? ಮೂವತ್ತು? ಒಂದು ಕೆಲಸ ಮಾಡಿ. ಒಂದೇ ಒಂದು ಶನಿವಾರ ಈ ಬಾಗಿಲ ಮುಂದೆ ಸಾವಿರ ಜನ ತೋರಿಸಿ. ನಾನು ಬೀಗಾನೇ ಹಾಕಲ್ಲ. ಇದು ನನ್ನ ಮಾತು." ನಗುತ್ತಾ ಪೊರಕೆ ದಾಟಿ ಹೋದರು. ತಮಾಷೆಗೆ ಅಂದ ಮಾತು. ಆದರೆ ವರ್ಲೀನ್ ಕೇಳಿದ ಮಾತನ್ನು ಮರೆಯುವವಳಲ್ಲ. ಓದು ಕಮ್ಮಿ ಇದ್ದವರು ಎಲ್ಲವನ್ನೂ ತಲೆಯಲ್ಲೇ ಇಟ್ಟುಕೊಳ್ಳಬೇಕಲ್ಲ.

ಲೈಬ್ರರಿ ಮೆಟ್ಟಿಲ ಕೆಳಗಿನ ಚಿಕ್ಕ ಕೋಣೆಯಲ್ಲಿ ಸಂಜೆ ಹೊತ್ತು ಇನ್ನೊಂದು ತಂಡ ಕೂರುತ್ತಿತ್ತು. ರಸಪ್ರಶ್ನೆಯವರು, ನಾಲ್ಕೇ ಜನ. ಡೆಲ್ಫೀನ್ ಎಂಬ ಕನ್ನಡಕದ ಹುಡುಗಿ ಅವರ ನಾಯಕಿ. ಪ್ರಶ್ನೆ ಮುಗಿಯುವ ಮೊದಲೇ ಗುಂಡಿ ಒತ್ತಿ ಉತ್ತರ ಹೇಳುವುದು ಅವರ ಆಟ. ಆ ವರ್ಷ ಆಡಿದ್ದೆಲ್ಲ ಗೆದ್ದಿದ್ದರು. ನೋಡಲು ಯಾರೂ ಹೋಗಿರಲಿಲ್ಲ, ವರ್ಲೀನ್ ಒಬ್ಬಳು ಪೊರಕೆ ಹಿಡಿದು ಬಾಗಿಲಲ್ಲಿ ನಿಂತಿದ್ದು ಬಿಟ್ಟರೆ.

ನವೆಂಬರಿನ ಎರಡನೇ ಶನಿವಾರ ಫುಟ್‌ಬಾಲಿಗೆ ರಜೆ. ಊರು ಸಪ್ಪಗಿತ್ತು. ರಸಪ್ರಶ್ನೆಯವರು ಮಾತ್ರ ಒಂದು ಹಳೇ ವ್ಯಾನು ಹತ್ತಿ ಪಕ್ಕದ ಪಟ್ಟಣಕ್ಕೆ ಅಂತಿಮ ಪಂದ್ಯಕ್ಕೆ ಹೋಗಿದ್ದರು. ಎರಡು ಗಂಟೆಗೆ ಲೈಬ್ರರಿಯ ಫೋನು ಹೊಡೆದುಕೊಂಡಿತು.

"ಮಿಸ್ ವರ್ಲೀನ್! ಗೆದ್ವಿ! ರಾಜ್ಯಕ್ಕೇ ಮೊದಲು!" ಡೆಲ್ಫೀನ್ ಅಳುತ್ತಿದ್ದಳೋ ನಗುತ್ತಿದ್ದಳೋ.

"ಎಷ್ಟಕ್ಕೆ ಗೆದ್ರಿ, ಕಂದಾ?"

"ನಾನೂರ ಹದಿನೈದು! ಅವರದು ನೂರ ತೊಂಬತ್ತು! ಇನ್ಯಾರಿಗೆ ಹೇಳೋದು ಅಂತ ಗೊತ್ತಾಗ್ಲಿಲ್ಲ, ನಿಮಗೆ ಮಾಡ್ದೆ."

ಫೋನಿಟ್ಟ ವರ್ಲೀನ್ ಪೊರಕೆಯನ್ನು ಗೋಡೆಗೆ ಒರಗಿಸಿದಳು. ಆಮೇಲೆ ಹಲಗೆಯ ಮುಂದೆ ಹೋಗಿ ಕನ್ನಡಕ ಏರಿಸಿದಳು. ಕಲಿತವರು ಓದುವಾಗ ತಮಗೆ ಗೊತ್ತಿದ್ದದ್ದನ್ನು ಸೇರಿಸಿಕೊಂಡು ಓದುತ್ತಾರೆ. ವರ್ಲೀನ್ ಅಕ್ಷರದ ಮೇಲೆ ಬೆರಳಿಟ್ಟು, ಇದ್ದಷ್ಟನ್ನೇ ಓದುವವಳು.

"ವಿಶ್ವವಿದ್ಯಾಲಯದ ತಂಡವು ಗೆದ್ದ ದಿನ ಗಂಟೆ ಬಾರಿಸತಕ್ಕದ್ದು."

ವಿಶ್ವವಿದ್ಯಾಲಯದ ತಂಡ. ಫುಟ್‌ಬಾಲ್ ಅನ್ನುವ ಮಾತು ಹಲಗೆಯಲ್ಲಿ ಎಲ್ಲೂ ಇಲ್ಲ. ಬೆರಳು ಹಿಂದೆ ತಂದು ಮತ್ತೊಮ್ಮೆ ಓದಿದಳು. ಇಲ್ಲ.

ಅಂಗೈಗೆ ಉಗುಳಿಕೊಂಡು ಹಗ್ಗ ಹಿಡಿದಳು.

ಮೊದಲ ಏಟಿಗೆ ಎಲ್ರಾಯ್‌ನ ಕತ್ತರಿ ನಿಂತಿತು. "ಇವತ್ತು ಆಟಾನೇ ಇಲ್ವಲ್ಲ?"

"ಮುದುಕಿಗೆ ವಾರ ತಪ್ಪಿರ್ಬೇಕು" ಅಂದ ಗಿರಾಕಿ.

ಏಳು, ಹದಿನಾಲ್ಕು, ಇಪ್ಪತ್ತೊಂದು. ಟಾಲಿವರ್ ಜನಕ್ಕೆ ಎಣಿಸುವುದು ರಕ್ತದಲ್ಲೇ ಇದೆ. ನಲವತ್ತು ದಾಟಿದಾಗ ಕಿಟಕಿಗಳು ತೆರೆದವು. ಐವತ್ತಮೂರನೇ ಏಟಿಗೆ ಬೀದಿಯಲ್ಲಿ ಒಬ್ಬ ಮುದುಕ "ದಾಖಲೆ ಮುರೀತು!" ಅಂತ ಕೂಗಿದ, ಯಾವ ದಾಖಲೆ ಅಂತ ಅವನಿಗೂ ಗೊತ್ತಿರಲಿಲ್ಲ. ಅರವತ್ತಾದ ಮೇಲೆ ಯಾರೂ ನಡೆಯಲಿಲ್ಲ, ಓಡಿದರು. ಎಪ್ರನ್ ಹಾಕಿದವರು, ಚಪ್ಪಲಿ ಇಲ್ಲದವರು, ಕೈಯಲ್ಲಿ ಹಂದಿಮಾಂಸದ ಪಕ್ಕೆಲುಬು ಹಿಡಿದವರು. ಕಾರುಗಳು ಹಾರ್ನ್ ಹೊಡೆಯುತ್ತಾ ಬಂದವು.

ಎಲ್ಲರಿಗಿಂತ ಮೊದಲು ಒಳಗೆ ನುಗ್ಗಿದವರು ಫುಟ್‌ಬಾಲಿನ ಕೋಚ್ ಯಾರ್ಬ್ರೋ. ಮಧ್ಯಾಹ್ನದ ನಿದ್ದೆಯಿಂದ ಎದ್ದು ಬಂದ ತಲೆ. "ಮಿಸ್ ವರ್ಲೀನ್! ಏನಾಯ್ತು? ನಾನು ಆಡಿಸ್ದೇನೆ ನನ್ನ ತಂಡ ಹೆಂಗೆ ಗೆಲ್ತು?"

"ಎಂಬತ್ತೊಂದು. ನಿಮ್ದಲ್ಲ ಕೋಚ್. ಎಂಬತ್ತೆರಡು. ಡೆಲ್ಫೀನ್ ತಂಡ. ಎಂಬತ್ಮೂರು. ಮಧ್ಯ ಮಾತಾಡಿಸ್ಬೇಡಿ, ಲೆಕ್ಕ ತಪ್ಪುತ್ತೆ."

"ಯಾವ ಆಟ?"

"ಎಂಬತ್ನಾಲ್ಕು. ಪ್ರಶ್ನೆ ಕೇಳೋ ಆಟ."

"ಎಷ್ಟು ಅಂಕ?"

"ಎಂಬತ್ತೈದು. ನಾನೂರ ಹದಿನೈದು."

ಕೋಚ್ ಹಲಗೆ ನೋಡಿದರು, ವರ್ಲೀನ್‌ಳನ್ನು ನೋಡಿದರು, ಅವಳ ನಡುಗುವ ಭುಜ ನೋಡಿದರು. ಹೊಟ್ಟೆ ಕುಲುಕಿಸಿ ನಗಲು ಶುರುಮಾಡಿದರು. "ಇಪ್ಪತ್ತು ವರ್ಷದಲ್ಲಿ ಮೂರಂಕಿ ನನ್ನ ಕನಸಲ್ಲೂ ಬಂದಿಲ್ಲ ಕಣಮ್ಮಾ! ಪಕ್ಕಕ್ಕೆ ಬನ್ನಿ, ಭುಜ ಕಳಚಿಕೊಳ್ತೀರಿ." ಬಾಗಿಲಿಗೆ ಹೋಗಿ ಕೂಗಿದರು: "ಏಯ್, ನಮ್ಮ ಗೂಳಿಗಳು ಯಾರಿದ್ದೀರಿ ಬನ್ರೋ! ಒಬ್ಬೊಬ್ಬರು ಮೂವತ್ತು ಏಟು!"

ಹೀಗೆ ನೂರರಿಂದ ಮುಂದೆ ಗಂಟೆ ಹೊಡೆದವರು ಫುಟ್‌ಬಾಲಿನ ಹುಡುಗರೇ. ಎಣಿಸುವ ಕೆಲಸ ಮಾತ್ರ ವರ್ಲೀನ್ ಬಿಟ್ಟುಕೊಡಲಿಲ್ಲ.

ಅಷ್ಟರಲ್ಲಿ ಅಧ್ಯಕ್ಷರ ಕಾರು ಬಂತು. ವಿಷಯ ತಿಳಿದು ಲ್ಯಾಥ್ರಪ್ ಒಳಗೆ ಕಾಲಿಡಲು ಹೋದರೆ ಎಲ್ರಾಯ್ ಅಡ್ಡ ನಿಂತ. "ಸಾರ್, ಮೆಟ್ಟಿಲು. ಟೋಪಿ."

"ಇದು ಫುಟ್‌ಬಾಲ್ ಅಲ್ಲಪ್ಪ!"

"ಹಲಗೇಲಿ ಹಂಗೇನೂ ಬರ್ದಿಲ್ವಂತೆ. ನಮಗೂ ಇವತ್ತೇ ಗೊತ್ತಾಗಿದ್ದು."

ಲ್ಯಾಥ್ರಪ್ ಟೋಪಿ ತೆಗೆದರು. ಅದೇ ಹೊತ್ತಿಗೆ ತುಂತುರು ಶುರುವಾಯಿತು.

ಅವರ ಪಕ್ಕದಲ್ಲೇ ಗ್ರೇಡಿ. ಪ್ರೇಯಸಿಯ ಅಮ್ಮನ ಮನೆಯಲ್ಲಿ ಊಟಕ್ಕೆ ಕೂತಿದ್ದವನನ್ನು ಎಳೆದು ತಂದು, ಹೇಸರಗತ್ತೆಯ ತಲೆ ತೊಡಿಸಿ ಬಿಟ್ಟಿದ್ದರು. ನಮ್ಮ ಮಾತಿನಲ್ಲಿ ದಂಡಕ್ಕೆ ಮೂರು ಅರ್ಥ: ಕಸರತ್ತು, ಜುಲ್ಮಾನೆ, ವ್ಯರ್ಥ. ಗ್ರೇಡಿಗೆ ಅವತ್ತು ಮೂರೂ ಒಟ್ಟಿಗೆ ಸಿಕ್ಕವು. ನೂರ ಹತ್ತಕ್ಕೆ ಹೇಸರಗತ್ತೆ ಮೂತಿ ಅಡಿಯಾಗಿ ಮಲಗಿತು.

"ಇನ್ನು ಮುನ್ನೂರ ಐದು!" ಜನ ಕೂಗಿದರು.

"ಬಾಕಿ ನಾಳೆ ಹೊಡೀತೀನಿ ಕಣ್ರೋ" ಅಂತ ಮೂತಿಯೊಳಗಿಂದ ದನಿ ಬಂತು.

ಮಳೆ ಬಲಿಯಿತು. ಮುಂದಿದ್ದವರು ಬಾಗಿಲೊಳಗೆ ಸರಿದರು, ಹಿಂದಿದ್ದವರು ಅವರನ್ನು ಒಳಕ್ಕೆ ತಳ್ಳಿದರು. ನಲವತ್ತು ವರ್ಷದಿಂದ ಎದುರಿನ ಬೀದಿಯಲ್ಲೇ ಇದ್ದು ಒಳಗೆ ಬಾರದವರೂ ಬಂದರು. ಒಳಗೆ ಬೆಚ್ಚಗಿತ್ತು, ಕುರ್ಚಿಗಳಿದ್ದವು, ಚೊಕ್ಕ ಪಾಯಿಖಾನೆ ಇತ್ತು. ಮೈದಾನದಲ್ಲಿ ಈ ಮೂರೂ ಇರಲಿಲ್ಲ. ಯಾರೋ ಊರಿನ ಹಳೇ ಫೋಟೋಗಳ ಪುಸ್ತಕ ತೆಗೆದರು. ಎಲ್ರಾಯ್ ಅದರ ಒಂದು ಪುಟ ಬಿಡಿಸಿ ಹಿಡಿದು ಎಲ್ಲರ ಹತ್ತಿರ ಓಡಿದ: "ನೋಡ್ರೋ, ನಾನು! ತಲೆ ತುಂಬ ಕೂದಲು! ಸಾಕ್ಷಿ ಇಲ್ಲಿತ್ತು, ಇಷ್ಟು ವರ್ಷ ನನ್ನ ಹೆಂಡ್ತಿ ನಂಬಿರ್ಲಿಲ್ಲ!"

ನಾನೂರ ಹದಿನೈದನೇ ಏಟು ಬಿದ್ದಾಗ ಹಳೇ ವ್ಯಾನು ಬೀದಿಗೆ ತಿರುಗಿತು. ಗುಂಪು, ಕಾರುಗಳು, ಮಳೆಯಲ್ಲಿ ಬರಿದಲೆಯ ಅಧ್ಯಕ್ಷರು. ಡೆಲ್ಫೀನ್ ಕಿಟಕಿಯಿಂದ ತಲೆ ಹೊರಹಾಕಿ ಗಾಬರಿಯಿಂದ ಕೇಳಿದಳು, "ಯಾರು ತೀರ್ಕೊಂಡ್ರು?"

"ಯಾರೂ ಇಲ್ಲ ಮಗಳೇ, ನೀನೇ ಗೆದ್ದಿರೋದು!" ಅಂತ ಊರಿಗೆ ಊರೇ ಕೂಗಿತು. ಕೋಚ್‌ರ ಗೂಳಿಗಳು ನಾಲ್ಕೂ ಜನರನ್ನು ಹೆಗಲ ಮೇಲೆ ಎತ್ತಿಕೊಂಡರು. ಅದರಲ್ಲೊಬ್ಬ ಸಣಕಲ ಹುಡುಗ "ನಿಧಾನ, ನಿಧಾನ, ನನಗೆ ಎತ್ತರ ಆಗಲ್ಲ" ಅನ್ನುತ್ತಲೇ ಇದ್ದ.

ವರ್ಲೀನ್ ಮೆಟ್ಟಿಲಿಗೆ ಬಂದು ಅಧ್ಯಕ್ಷರ ಕೈಗೆ ಒಣ ಟವೆಲ್ ಕೊಟ್ಟಳು. "ಸಾರ್, ಸಾವಿರ ಅಂದಿದ್ರಿ."

"ಅದು... ಮಿಸ್ ವರ್ಲೀನ್, ಇವರು ಓದೋಕೆ ಬಂದವರಲ್ಲ. ಮತ್ತೆ, ಸಾವಿರ ಇದ್ದಾರೆ ಅಂತ ಯಾರು ಹೇಳೋರು?"

"ಎಣಿಸೋಣ್ವಾ? ನನಗೆ ಇವತ್ತು ಎಣಿಸಿ ಎಣಿಸಿ ಅಭ್ಯಾಸ ಆಗಿದೆ."

"ಏನದು ಸಾವಿರ?" ಅಂದರು ಕೋಚ್. ವರ್ಲೀನ್ ಹೇಳಿದಳು: ಐದು ಗಂಟೆಯ ಬೀಗ, ಸ್ಕೋರ್‌ಬೋರ್ಡು, ಮೆಟ್ಟಿಲ ಮೇಲೆ ಕೊಟ್ಟ ಮಾತು. ಕೋಚ್ ಮುಖ ಕೆಂಪಾಯಿತು.

"ನನ್ನ ಬೋರ್ಡಿಗೆ ಇವರ ದೀಪ ಆರಿಸ್ತೀರಾ? ಈಗಿರೋದ್ರಲ್ಲೇ ಎರಡಂಕಿ ಕಾಣುತ್ತೆ ಸಾರ್. ನನ್ನ ಹುಡುಗರಿಗೆ ಬೇಕಾದಷ್ಟಾಯ್ತು! ಮೂರಂಕಿ ಬೇಕಾದ್ರೆ ಈ ಹುಡುಗಿ ಕೇಳ್ಲಿ."

ಲ್ಯಾಥ್ರಪ್ ಟವೆಲಿನಿಂದ ತಲೆ ಒರೆಸಿಕೊಳ್ಳುತ್ತಾ ಸುತ್ತ ನೋಡಿದರು. ಟಿಕೆಟ್ ಕೊಳ್ಳುವವರು, ಚಂದಾ ಕೊಡುವವರು, ಎಲ್ಲ ಅಲ್ಲೇ ಇದ್ದರು. "ಒಂಬತ್ತು ಗಂಟೆ" ಅಂದರು ಕೊನೆಗೆ. "ಶನಿವಾರ, ಭಾನುವಾರಾನೂ. ನನ್ನ ಮಾತು ನನ್ನ ಮಾತು." ಕಾಗದ ಅವತ್ತೇ ಬಾಗಿಲಿಂದ ಇಳಿಯಿತು. ಸ್ಕೋರ್‌ಬೋರ್ಡು ಬರಲೇ ಇಲ್ಲ ಅಂತಲ್ಲ. ಎರಡು ವರ್ಷ ಬಿಟ್ಟು ಒಂದು ಚಿಕ್ಕದು ಬಂತು.

ಸೋತು ಕೂತವನು ಗ್ರೇಡಿ ಒಬ್ಬನೇ. ಬಾಕಿ ದಂಡ ಮುಗಿಸಲು ಅವನಿಗೆ ಗುರುವಾರದವರೆಗೆ ಹಿಡಿಯಿತು. ಮುಂದಿನ ರಸಪ್ರಶ್ನೆ ಬರುವ ಮೊದಲು ಡೆಲ್ಫೀನ್‌ಳ ಮುಂದೆ ಕೈ ಮುಗಿದು ನಿಂತ. "ಗೆಲ್ಲಿ, ಬೇಡ ಅನ್ನಲ್ಲ. ಇನ್ನೂರು ದಾಟ್ಬೇಡಿ ಅಷ್ಟೆ."

"ಅದು ನನ್ನ ಕೈಲಿಲ್ಲ ಕಣೋ. ಗೊತ್ತಿರೋದು ಬಾಯಿಗೆ ಬಂದ್ಬಿಡುತ್ತೆ."

ಪಂದ್ಯದ ದಿನ ಅವನು ಮೊದಲ ಸಾಲಿನಲ್ಲಿ ಕೂತು, ಡೆಲ್ಫೀನ್ ಗುಂಡಿ ಒತ್ತಿದಾಗಲೆಲ್ಲ ನರಳುತ್ತಿದ್ದ. ಅಲ್ಲೇ ಅವನಿಗೆ ಒಂದು ನಿಯಮ ತಿಳಿಯಿತು: ನೋಡುವವರಲ್ಲಿ ಯಾರಾದರೂ ಉತ್ತರ ಕೂಗಿಬಿಟ್ಟರೆ ಆ ಪ್ರಶ್ನೆ ರದ್ದು. ಹತ್ತು ಅಂಕ ಹೋದರೆ ಹತ್ತು ದಂಡ ತಪ್ಪಿದ ಹಾಗೆ. ಗ್ರೇಡಿಯ ಮುಖ ಅರಳಿತು, ಮರುಕ್ಷಣ ಬಾಡಿತು. ಕೂಗಬೇಕಾದರೆ ಉತ್ತರ ಗೊತ್ತಿರಬೇಕಲ್ಲ.

ಆ ಚಳಿಗಾಲ ವರ್ಲೀನ್ ಒಂಬತ್ತು ಗಂಟೆಗೆ ದೀಪ ಆರಿಸುತ್ತಾ ಬಂದರೆ ಮೂಲೆಯ ಮೇಜಿನಲ್ಲಿ ಒಂದು ದೀಪ ಉರಿಯುತ್ತಲೇ ಇರುತ್ತಿತ್ತು. ಹೇಸರಗತ್ತೆಯ ತಲೆ ಪಕ್ಕದ ಕುರ್ಚಿಯಲ್ಲಿ, ಗ್ರೇಡಿಯ ತಲೆ ದಪ್ಪ ಪುಸ್ತಕದಲ್ಲಿ.

"ಟೈಮಾಯ್ತು ಮಗಾ."

"ಇನ್ನೊಂದೇ ಪುಟ, ಮಿಸ್ ವರ್ಲೀನ್. ರೋಮಿನ ರಾಜರು ಇನ್ನೂ ಮೂರು ಜನ ಬಾಕಿ ಇದ್ದಾರೆ."

ವರ್ಲೀನ್ ಪೊರಕೆ ತೆಗೆದುಕೊಂಡು ಇನ್ನೊಂದು ಸುತ್ತು ಗುಡಿಸಲು ಹೊರಟಳು.